ಹಸಿ ಗೋಡೆ, ಮುಳ್ಳುಚಮಚ ಮತ್ತು ಪಿರ್ಗಿ ಎಂಬ ಊರು

ನಮ್ಮಪ್ಪ ಗಾರೆ ಮೇಸ್ತ್ರಿ. ಚಿಕ್ಕವಳಿದ್ದಾಗ ರಜೆ ಬಂತೆಂದರೆ ಅವರ ಹಿಂದೆ ಕೆಲಸದ ಜಾಗಕ್ಕೆ ಹೋಗಿಬಿಡುತ್ತಿದ್ದೆ. ಅಲ್ಲಿ ನನಗಿದ್ದದ್ದು ಒಂದೇ ಕಟ್ಟಪ್ಪಣೆ: "ಹಸಿ ಗೋಡೆ ಮುಟ್ಟಬೇಡ." ಮುಟ್ಟಿದರೆ ಬೆರಳಿನ ಗುರುತು ಉಳಿಯುತ್ತದೆ. ಒಣಗಿದ ಮೇಲೆ ಅದನ್ನು ಅಳಿಸಬೇಕೆಂದರೆ ಅಷ್ಟು ಭಾಗ ಒಡೆದು ಮತ್ತೆ ಗಾರೆ ಮಾಡಬೇಕು. ಇವತ್ತು ನಾನು ಹೇಳುವುದು ಹಸಿ ಗೋಡೆಯನ್ನು ಬೇಕೆಂದೇ ಮುಟ್ಟಿ, ಗೀರಿ, ಕೆರೆದು ಚೆಂದ ಮಾಡಿಕೊಂಡ ಒಂದು ಊರಿನ ಬಗ್ಗೆ.

ಊರಿನ ಹೆಸರು ಪಿರ್ಗಿ. ಗ್ರೀಸ್ ದೇಶದ ಹಿಯೋಸ್ ದ್ವೀಪದ ದಕ್ಷಿಣ ಭಾಗದಲ್ಲಿದೆ. ಇಂಗ್ಲಿಷ್ ನಕ್ಷೆ ನೋಡಿ ನಾವು ಚಿಯೋಸ್ ಅಂತಲೋ ಕಿಯೋಸ್ ಅಂತಲೋ ಓದುತ್ತೇವೆ. ಅಲ್ಲಿಯವರ ಬಾಯಲ್ಲಿ ಅದು ಹಿಯೋಸ್. ನನ್ನ ಅಣ್ಣನ ಮಗಳು ಆಗ ಅಥೆನ್ಸ್‌ನಲ್ಲಿ ಓದುತ್ತಿದ್ದಳು. "ಅತ್ತೆ, ನೀನು ಬಂದರೆ ಬೇರೆಲ್ಲೂ ಬೇಡ, ಅಜ್ಜ ನೋಡಿದ್ದರೆ ಖುಷಿಪಡುತ್ತಿದ್ದ ಒಂದು ಊರಿಗೆ ಕರ್ಕೊಂಡು ಹೋಗ್ತೀನಿ" ಅಂದಳು. ಸೆಪ್ಟೆಂಬರ್ ಕೊನೆಯ ವಾರ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಲ್ಲಿ ರಾತ್ರಿ ಹಡಗು ಹತ್ತಿದೆವು. ಬೆಳಕು ಹರಿಯುವ ಮುಂಚೆ ಹಿಯೋಸ್ ಪಟ್ಟಣ. ಎದುರಿಗೆ ಟರ್ಕಿಯ ದಡ ಕಾಣುತ್ತದೆ, ಅಷ್ಟು ಹತ್ತಿರ. ಪಟ್ಟಣದಿಂದ ಪಿರ್ಗಿಗೆ ಬಸ್ಸಿನಲ್ಲಿ ಸುಮಾರು 25 ಕಿಲೋಮೀಟರ್.

ಗ್ರೀಕ್ ದ್ವೀಪ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ಬಿಳಿ ಮನೆ, ನೀಲಿ ಗುಮ್ಮಟ, ಕೆಳಗೆ ಸಮುದ್ರ. ಕ್ಯಾಲೆಂಡರ್‌ನಲ್ಲಿ ನೋಡಿರುತ್ತೀರಿ, ಅಲ್ವಾ? ಪಿರ್ಗಿ ಹಾಗಿಲ್ಲ. ಅದು ಸಮುದ್ರದ ದಡದಲ್ಲೂ ಇಲ್ಲ, ಸ್ವಲ್ಪ ಒಳಗಿದೆ. ನಾವು ಮೊದಲು ಹಳೆಯ ಊರಿನ ಹೊರ ಅಂಚಿನಲ್ಲೇ ಒಂದು ಸುತ್ತು ಹಾಕಿದೆವು. ಮಣ್ಣಿನ ಬಣ್ಣದ ಕಲ್ಲುಗೋಡೆಗಳು. ಕಿಟಕಿ ಇದ್ದರೂ ಸಣ್ಣವು, ಆಮೇಲೆ ತೆಗೆದವು. ಚಿತ್ತಾರ ಎಲ್ಲಿ ಅಂತ ನಾನು ಕೇಳುತ್ತಲೇ ಇದ್ದೆ. ಅವಳು ಒಂದು ಕಿರಿದಾದ ಓಣಿಯೊಳಗೆ ಕೈ ಹಿಡಿದು ಎಳೆದುಕೊಂಡು ಹೋದಳು.

ಒಳಗೆ ಹೋಗಿ ತಲೆ ಎತ್ತಿದೆ. ಎರಡೂ ಕಡೆ, ನೆಲದಿಂದ ಸೂರಿನ ತನಕ, ಕಪ್ಪು ಬಿಳಿ ಚಿತ್ತಾರ. ಒಂದು ಮನೆ ಅಲ್ಲ, ಹತ್ತು ಮನೆ ಅಲ್ಲ, ಇಡೀ ಬೀದಿ. ಬಾಲ್ಕನಿಯ ಕೆಳಭಾಗವನ್ನು ನೋಡಲು ಯಾರು ಕತ್ತು ಎತ್ತುತ್ತಾರೆ ಹೇಳಿ? ಅಲ್ಲೂ ಬಿಡಿಸಿದ್ದಾರೆ.

ಒಂದು ಗೋಡೆಯ ಮುಂದೆ ನಿಂತು ನಾನು ಮೇಲಿನಿಂದ ಕೆಳಗೆ ಪಟ್ಟಿಗಳನ್ನು ಎಣಿಸಿದೆ. ಅಡ್ಡಡ್ಡ ಪಟ್ಟಿಗಳಾಗಿ ಗೋಡೆಯನ್ನು ಭಾಗ ಮಾಡಿಕೊಂಡಿರುತ್ತಾರೆ. ಸೂರಿನ ಕೆಳಗೆ ತ್ರಿಕೋನಗಳ ಸಾಲು, ಒಂದು ಕಪ್ಪು ಒಂದು ಬಿಳಿ. ಅದರ ಕೆಳಗೆ ವಜ್ರದಾಕಾರ. ಆಮೇಲೆ ಅರ್ಧ ವೃತ್ತಗಳು, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು. ಆಮೇಲೆ ವೃತ್ತದೊಳಗೆ ಆರು ದಳದ ಹೂವು. ಈ ಹೂವು ನಿಮಗೆಲ್ಲ ಗೊತ್ತು. ಶಾಲೆಯಲ್ಲಿ ಕೈವಾರ ಕೊಟ್ಟ ಮೊದಲ ದಿನವೇ ನಾವೆಲ್ಲ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬಿಡಿಸಿದ್ದೇವೆ. ಕೆಲವು ಮನೆಗಳಲ್ಲಿ ಹೂಕುಂಡ, ಹಕ್ಕಿ ಕೂಡ ಇವೆ. ಆದರೆ ಜಾಸ್ತಿ ಇರುವುದು ಗೆರೆ, ಕೋನ, ವೃತ್ತಗಳೇ. ಪಕ್ಕದ ಮನೆಯಲ್ಲೂ ಅವೇ ತ್ರಿಕೋನ, ಅವೇ ವೃತ್ತ. ಜೋಡಿಸಿದ ರೀತಿ ಮಾತ್ರ ಬೇರೆ. ಹೊಸದಾಗಿ ಕಟ್ಟಿದ ಮನೆಗಳಿಗೂ ಇದನ್ನು ಮಾಡಿಸುತ್ತಾರೆ.

ಇದನ್ನು ಅವರು ಕ್ಸಿಸ್ತಾ ಅನ್ನುತ್ತಾರೆ. ಕೆರೆದದ್ದು ಅಂತ ಅರ್ಥ. ಇಟಲಿಯವರು ಇದೇ ಕೆಲಸಕ್ಕೆ ಸ್ಗ್ರಾಫಿಟೋ ಅನ್ನುತ್ತಾರೆ. ಗೋಡೆ ಮೇಲೆ ಹುಡುಗರು ಬರೆಯುವ ಗ್ರಾಫಿಟಿ ಇದೆಯಲ್ಲ, ಅದೂ ಇದೇ ಬೇರಿನಿಂದ ಬಂದ ಮಾತು. ಹಿಯೋಸ್ ದ್ವೀಪವನ್ನು 1346ರಿಂದ 1566ರವರೆಗೆ ಇಟಲಿಯ ಜಿನೋವಾ ನಗರದ ವ್ಯಾಪಾರಿಗಳು ಆಳಿದರು. ಈ ಕೆಲಸವೂ ಅವರ ಕಡೆಯಿಂದಲೇ ಬಂದಿರಬೇಕು ಅಂತ ಹೆಚ್ಚಿನವರು ಹೇಳುತ್ತಾರೆ. ಎಲ್ಲಿಂದಲೇ ಬಂದಿರಲಿ, ಇಡೀ ಊರಿಗೆ ಊರೇ ಅದನ್ನು ತನ್ನದಾಗಿ ಮಾಡಿಕೊಂಡಿರುವುದು ಇಲ್ಲಿ.

ಈಗ ಹೇಗೆ ಮಾಡುತ್ತಾರೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದೇ ನನಗೆ ಮುಖ್ಯ.

ಮೂರನೆಯ ದಿನ ಒಂದು ಓಣಿಯ ತಿರುವಿನಲ್ಲಿ ಸಾರುವೆ ಕಟ್ಟಿದ್ದು ಕಂಡಿತು. ಅರವತ್ತು ದಾಟಿದ ಒಬ್ಬರು ಮೇಸ್ತ್ರಿ, ಜೊತೆಗೊಬ್ಬ ಹುಡುಗ. ಹಳೆಯ ಗೋಡೆಯನ್ನು ಕೆತ್ತಿ ಹೊಸದಾಗಿ ಮಾಡುತ್ತಿದ್ದರು. ನನ್ನ ಸೊಸೆ, ಅಂದರೆ ಅಣ್ಣನ ಮಗಳು, ತನಗೆ ಬರುವ ಗ್ರೀಕ್‌ನಲ್ಲಿ, ಇವರ ಅಪ್ಪನೂ ನಿಮ್ಮ ಕೆಲಸದವರೇ ಅಂತ ಹೇಳಿದಳು. ಅವರು ಸಾರುವೆ ಇಳಿದು ಬಂದು, ನನ್ನ ಕೈ ನೋಡಿದರು. ಆಮೇಲೆ ಒಂದು ಕುರ್ಚಿ ತರಿಸಿ ಕೂರಿಸಿದರು. ಅವತ್ತು ಮಧ್ಯಾಹ್ನದವರೆಗೂ ನಾನು ಆ ಕುರ್ಚಿ ಬಿಟ್ಟು ಏಳಲಿಲ್ಲ.

ಮೊದಲು ಗೋಡೆಗೆ ಕಪ್ಪು ಮರಳಿನ ಗಾರೆ. ಹಿಂದೆ ಸುಣ್ಣಕ್ಕೆ ಮರಳು ಕಲಸುತ್ತಿದ್ದರು, ಈಗ ಸಿಮೆಂಟೂ ಸೇರಿದೆ. ಮರಳು ಕಪ್ಪಾಗಿದ್ದಷ್ಟೂ ಚಿತ್ತಾರ ಎದ್ದು ಕಾಣುತ್ತದೆ. ಪಿರ್ಗಿಯ ಹತ್ತಿರದ ಎಂಬೊರಿಯೋಸ್‌ನಲ್ಲಿ ಸಮುದ್ರ ದಡವೇ ಕಪ್ಪು. ಹಳೆಯ ಜ್ವಾಲಾಮುಖಿಯ ಕಲ್ಲು ಸವೆದು ನುಣ್ಣಗಿನ ಕರಿ ಗುಂಡುಕಲ್ಲುಗಳಾಗಿ ಬಿದ್ದಿವೆ. ಮರುದಿನ ಅಲ್ಲಿಗೂ ಹೋಗಿದ್ದೆವು. ಬರಿಗಾಲಲ್ಲಿ ನಡೆದರೆ ಬಿಸಿಲಿಗೆ ಕಾಲು ಸುಡುತ್ತದೆ.

ಗಾರೆ ಸ್ವಲ್ಪ ಬಿಗಿಯಬೇಕು, ಒಣಗಬಾರದು. ಆಗ ಅದರ ಮೇಲೆ ಬಿಳಿ ಸುಣ್ಣ. ಒಂದು ಸಲ ಬಳಿದು, ಅದು ಎಳೆದುಕೊಂಡ ಮೇಲೆ ಇನ್ನೊಂದು ಸಲ. ಆಮೇಲೆ ಕರಣೆಯಿಂದ ಒತ್ತಿ ಒತ್ತಿ ನುಣುಪು ಮಾಡುತ್ತಾರೆ. ಕರಣೆ ಜಾರುವ ಆ ಸದ್ದು ಇದೆಯಲ್ಲ, ನಾನು ಕಣ್ಣು ಮುಚ್ಚಿದರೆ ನಮ್ಮಪ್ಪನ ಪಕ್ಕದಲ್ಲೇ ಕೂತಿದ್ದೆ.

ಇಲ್ಲಿಂದ ಗಡಿಯಾರ ಶುರು. ಸುಣ್ಣದ ಸ್ವಭಾವ ನಿಮಗೆ ಗೊತ್ತಿರಬೇಕು. ಸುಣ್ಣದ ಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ, ಗೋಡೆಗೆ ಬಳಿಯುತ್ತೇವೆ. ಬಳಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ನಿಧಾನಕ್ಕೆ ಮತ್ತೆ ಕಲ್ಲೇ ಆಗುತ್ತಾ ಹೋಗುತ್ತದೆ. ಗಾರೆಯೂ ಹಸಿ, ಸುಣ್ಣವೂ ಹಸಿ ಇದ್ದಾಗ ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅದಕ್ಕೇ ಈ ಚಿತ್ತಾರ ಮಳೆಗೆ ತೊಳೆದು ಹೋಗುವುದಿಲ್ಲ. ಆದರೆ ಬಿಡಿಸುವುದೂ ಆ ಹಸಿಯಲ್ಲೇ ಮುಗಿಯಬೇಕು. ಒಣಗಿದರೆ ಗೀರಿದ ಕಡೆ ಸುಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಮೇಸ್ತ್ರಿ ದಾರ ಹಿಡಿದು ಅಡ್ಡ ಗೆರೆ ಹಾಕಿಕೊಂಡರು. ಪಟ್ಟಿಯ ಅಗಲ ಅಳೆಯಲು ಒಂದು ಮರದ ಪಟ್ಟಿ, ವೃತ್ತಕ್ಕೆ ಕೈವಾರ. ಗೆರೆ ಎಲ್ಲ ಹಾಕಿ ಮುಗಿಸಿ, ಜೇಬಿಗೆ ಕೈ ಹಾಕಿ ತೆಗೆದದ್ದು ಒಂದು ಮುಳ್ಳುಚಮಚ. ಊಟದ ಮುಳ್ಳುಚಮಚವೇ. ಹಲ್ಲುಗಳು ಸವೆದು ಮೊಂಡಾಗಿದ್ದವು. ತ್ರಿಕೋನದ ಒಳಗೆ ಅದನ್ನು ಇಟ್ಟು ಸರ್ ಸರ್ ಅಂತ ಎಳೆದರು. ಬಿಳಿ ಉದುರಿತು, ಕೆಳಗಿನ ಕಪ್ಪು ಎದ್ದು ಬಂತು. ಪಕ್ಕದ ತ್ರಿಕೋನ ಬಿಟ್ಟರು. ಅದರ ಪಕ್ಕದ್ದು ಕೆರೆದರು. ಒಂದು ಬಿಟ್ಟು ಒಂದು.

ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಬಿಳಿ ಭಾಗ ಉಗುರಿನ ದಪ್ಪ ಮೇಲಿದೆ. ಕಪ್ಪು ಭಾಗ ಒಳಗಿದೆ, ಮುಟ್ಟಿದರೆ ತರಿತರಿ, ನಾಲ್ಕು ಹಲ್ಲಿನ ಗೀರುಗಳು ಸಾಲಾಗಿ ಕಾಣುತ್ತವೆ. ದೂರದಿಂದ ಬಣ್ಣ ಹಚ್ಚಿದ ಹಾಗೆ ಕಾಣುವುದು ಹತ್ತಿರದಿಂದ ನೋಡಿದರೆ ಒಂದು ಹದವಾದ ಉಬ್ಬು ತಗ್ಗು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಆ ಸಣ್ಣ ಅಂಚುಗಳಿಗೆಲ್ಲ ನೆರಳು ಬಂದು ಇಡೀ ಬೀದಿ ಗಾಢವಾಗುತ್ತದೆ. ಮಧ್ಯಾಹ್ನ ಫೋಟೋ ತೆಗೆದುಕೊಂಡು ಬಸ್ಸು ಹತ್ತುವವರಿಗೆ ಇದು ಸಿಗುವುದಿಲ್ಲ. ಅದಕ್ಕೇ ಹೇಳುತ್ತೇನೆ, ಹೋದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ.

ಇನ್ನೊಂದು ಮಾತು. ಮದುವೆ ಮನೆಯ ಹಸೆ ಗೋಡೆಗೆ ಚಿತ್ತಾರ ಬರೆಯುವವರು ನಮ್ಮಲ್ಲೂ ಇದ್ದಾರೆ. ಮಲೆನಾಡಿನಲ್ಲಿ ದೀವರ ಹೆಣ್ಣುಮಕ್ಕಳು ಪುಂಡಿ ನಾರಿನ ಕುಂಚದಲ್ಲಿ ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುತ್ತಾರೆ. ಅಲ್ಲಿ ಬಿಳಿಯನ್ನು ಹಚ್ಚುತ್ತಾರೆ, ಪಿರ್ಗಿಯಲ್ಲಿ ಬಿಳಿಯನ್ನು ತೆಗೆಯುತ್ತಾರೆ. ಎರಡಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಕೆಲಸದ ದಾರಿಯೇ ಬೇರೆ ಅನ್ನುವುದು ನಿಮಗೆ ಕಣ್ಣಿಗೆ ಕಟ್ಟಲಿ ಅಂತ ಹೇಳಿದೆ.

ಹೊರಗಿನ ಗೋಡೆ ಯಾಕೆ ಬೋಳು ಅಂತ ಆಗ ಹೇಳಲಿಲ್ಲ. ಪಿರ್ಗಿ ಒಂದು ಕೋಟೆ. ಕೋಟೆಗೆ ಅಂತ ಬೇರೆ ಗೋಡೆ ಕಟ್ಟಲಿಲ್ಲ, ಅಂಚಿನ ಮನೆಗಳ ಬೆನ್ನುಗಳೇ ಒಂದಕ್ಕೊಂದು ಅಂಟಿಕೊಂಡು ಕೋಟೆಗೋಡೆ ಆದವು. ಆ ಕಡೆಗೆ ಆಗ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ. ನಾಲ್ಕು ಮೂಲೆಗೆ ನಾಲ್ಕು ಬುರುಜು, ನಡುವೆ ಒಂದು ದೊಡ್ಡ ಗೋಪುರ. ಗ್ರೀಕ್‌ನಲ್ಲಿ ಪಿರ್ಗೋಸ್ ಅಂದರೆ ಗೋಪುರ, ಊರಿಗೆ ಹೆಸರು ಬಂದದ್ದೇ ಅದರಿಂದ. ಕಡಲ್ಗಳ್ಳರು ಬಂದರೆ ಜನ ಮನೆಯ ಮಾಳಿಗೆ ಹತ್ತಿ, ಮಾಳಿಗೆಯಿಂದ ಮಾಳಿಗೆಗೆ ದಾಟಿಕೊಂಡು ಗೋಪುರ ಸೇರುತ್ತಿದ್ದರು. ಮಾಳಿಗೆಗಳೆಲ್ಲ ಹೆಚ್ಚು ಕಡಿಮೆ ಒಂದೇ ಎತ್ತರ, ಅದಕ್ಕೇ. ಓಣಿಗಳ ಮೇಲೆ ಅಲ್ಲಲ್ಲಿ ಎರಡು ಮನೆಗಳ ನಡುವೆ ಕಮಾನು ಕಟ್ಟಿದ್ದಾರೆ. ಭೂಕಂಪ ಬಂದಾಗ ಒಂದು ಮನೆಗೆ ಇನ್ನೊಂದು ಒತ್ತುಕೊಟ್ಟು ನಿಲ್ಲಲಿ ಅಂತ. 1881ರಲ್ಲಿ ಆ ದ್ವೀಪದಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ದೊಡ್ಡ ಭೂಕಂಪವೇ ಆಗಿತ್ತು.

ಹಾಗಾಗಿ ಈ ಮನೆಗಳು ಹೊರಗಿನವರಿಗೆ ಬೆನ್ನು, ಒಳಗಿನವರಿಗೆ ಮುಖ. ಓಣಿ ಎಷ್ಟು ಕಿರಿದು ಅಂದರೆ ನಿಮ್ಮ ಮನೆಯ ಚಿತ್ತಾರ ನಿಮಗಿಂತ ಜಾಸ್ತಿ ಕಾಣುವುದು ಎದುರು ಮನೆಯವರಿಗೆ. ಅವರದು ನಿಮಗೆ. ಪ್ರವಾಸಿಗಳನ್ನು ಕರೆಯುವುದಕ್ಕೆ ಶುರುವಾದದ್ದಲ್ಲ ಇದು. ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಎದುರಿನವರ ಕಣ್ಣಿಗೆ ಏನು ಬೀಳಬೇಕು ಅನ್ನುವ ಕಾಳಜಿ. ನನಗೆ ಆ ಊರು ಇಷ್ಟವಾದದ್ದು ಇದಕ್ಕೆ.

ಇಷ್ಟೆಲ್ಲ ಕಾವಲು ಯಾಕೆ? ಅವರ ಹತ್ತಿರ ಏನಿತ್ತು? ಅವರ ಹತ್ತಿರ ಒಂದು ಗಿಡ ಇತ್ತು.

ಅದನ್ನು ಸ್ಕಿನೋಸ್ ಅನ್ನುತ್ತಾರೆ. ಪಿಸ್ತಾದ ಜಾತಿಗೆ ಸೇರಿದ ಗಿಡ. ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ, ಕಾಂಡ ತಿರುಚಿಕೊಂಡಿರುತ್ತದೆ, ವರ್ಷವಿಡೀ ಹಸಿರು. ಅದರ ತೊಗಟೆಯನ್ನು ಗೀರಿದರೆ ಹನಿಹನಿಯಾಗಿ ಅಂಟು ಬರುತ್ತದೆ. ಆ ಅಂಟೇ ಮಸ್ತಿಹಾ. ಹಿಯೋಸ್‌ನ ದಕ್ಷಿಣದ 24 ಹಳ್ಳಿಗಳ ಬದುಕು ನಿಂತಿರುವುದು ಇದರ ಮೇಲೆ. ಕೆಲಸ ಹೀಗೆ. ಮೊದಲು ಗಿಡದ ಬುಡ ಗುಡಿಸಿ, ಮಟ್ಟ ಮಾಡಿ, ಅದರ ಮೇಲೆ ಜರಡಿ ಹಿಡಿದ ಬಿಳಿ ಸುಣ್ಣಕಲ್ಲಿನ ಪುಡಿ ಹರಡುತ್ತಾರೆ. ಮನೆ ಮುಂದೆ ರಂಗೋಲಿಗೆ ನೆಲ ಸಿದ್ಧ ಮಾಡಿದ ಹಾಗೆ ಕಾಣುತ್ತದೆ. ಜುಲೈ, ಆಗಸ್ಟ್‌ನಲ್ಲಿ ಚೂಪಾದ ಉಪಕರಣದಿಂದ ಕಾಂಡಕ್ಕೆ ಸಣ್ಣ ಸಣ್ಣ ಗೀರು ಹಾಕುತ್ತಾರೆ. ಅಂಟು ಜಿನುಗಿ, ಬಿಳಿ ನೆಲದ ಮೇಲೆ ತೊಟ್ಟಿಕ್ಕಿ, ಎರಡು ವಾರಕ್ಕೂ ಮೇಲೆ ಅಲ್ಲೇ ಇದ್ದು ಗಟ್ಟಿಯಾಗುತ್ತದೆ. ಆಮೇಲೆ ಹರಳು ಹರಳಾಗಿ ಆರಿಸಿಕೊಳ್ಳುತ್ತಾರೆ. ಒಂದು ಗಿಡದಿಂದ ವರ್ಷಕ್ಕೆ ಸಿಗುವುದು ಗ್ರಾಂ ಲೆಕ್ಕದಲ್ಲಿ.

ಗಿಡಕ್ಕೆ ಗೀರು ಹಾಕುವುದಕ್ಕೆ ಅವರು ಕೆಂದಿಮಾ ಅನ್ನುತ್ತಾರೆ. ಆ ಮಾತಿಗೆ ಗ್ರೀಕ್‌ನಲ್ಲಿ ಕಸೂತಿ ಅಂತಲೂ ಅರ್ಥ. ಇದನ್ನು ಕೇಳಿದ ಮೇಲೆ ನನಗೆ ಊರು ಬೇರೆ ಥರ ಕಾಣತೊಡಗಿತು. ಗೋಡೆ ಗೀರಿದರೆ ಒಳಗಿನ ಕಪ್ಪು ಹೊರಗೆ ಬರುತ್ತದೆ. ಗಿಡ ಗೀರಿದರೆ ಒಳಗಿನ ಬೆಳ್ಳನೆಯ ಹನಿ ಹೊರಗೆ ಬರುತ್ತದೆ. ಎರಡಕ್ಕೂ ಕೈ ಹದ ಬೇಕು. ಜಾಸ್ತಿ ಆಳಕ್ಕೆ ಹೋದರೆ ಗೋಡೆಯೂ ಕೆಡುತ್ತದೆ, ಗಿಡವೂ ಕೆಡುತ್ತದೆ.

ಈ ಅಂಟಿಗೆ ಇದ್ದ ಬೆಲೆ ಎಷ್ಟು ಅಂದರೆ, ಜಿನೋವಾದವರ ಕಾಲದಲ್ಲಿ ಕದ್ದವರ ಕಿವಿ, ಮೂಗು ಕತ್ತರಿಸುತ್ತಿದ್ದರು. ಬೆಳೆದ ರೈತನಿಗೂ ಅದು ತನ್ನದಲ್ಲ, ಲೆಕ್ಕ ಒಪ್ಪಿಸಬೇಕು. ಕೊಲಂಬಸ್ 1493ರಲ್ಲಿ ತಾನು ಕಂಡ ಹೊಸ ದ್ವೀಪಗಳ ಬಗ್ಗೆ ಬರೆದ ಪತ್ರದಲ್ಲೂ ಹಿಯೋಸ್‌ನ ಮಸ್ತಿಹಾ ಬರುತ್ತದೆ, ಜಿನೋವಾದವರು ತಮಗೆ ಬೇಕಾದ ಬೆಲೆಗೆ ಮಾರುತ್ತಾರೆ ಅಂತ. 1566ರಲ್ಲಿ ದ್ವೀಪ ಆಟೋಮನ್ ತುರ್ಕರ ಕೈಗೆ ಹೋಯಿತು. ಸುಲ್ತಾನನ ಅರಮನೆಗೆ ಮಸ್ತಿಹಾ ಬೇಕಿತ್ತು. 1822ರಲ್ಲಿ ದಂಗೆ ಅಡಗಿಸುವ ಹೆಸರಿನಲ್ಲಿ ದ್ವೀಪದಲ್ಲಿ ಸಾವಿರಾರು ಜನರನ್ನು ಕೊಂದರು, ಸಾವಿರಾರು ಜನರನ್ನು ಗುಲಾಮರಾಗಿ ಮಾರಿದರು. ಆಗಲೂ ಈ ದಕ್ಷಿಣದ ಹಳ್ಳಿಗಳು ಬಹುಮಟ್ಟಿಗೆ ಉಳಿದವು. ಅಂಟು ಬೇಕಾದರೆ ಗೀರುವ ಕೈಗಳೂ ಬೇಕಲ್ಲ. ಹಿಯೋಸ್ ಗ್ರೀಸ್‌ಗೆ ಸೇರಿದ್ದು 1912ರಲ್ಲಿ. ಬೆಳೆಗಾರರು ತಮ್ಮದೇ ಸಂಘ ಕಟ್ಟಿಕೊಂಡದ್ದು 1938ರಲ್ಲಿ. ಮಸ್ತಿಹಾ ಬೆಳೆಯುವ ತಿಳಿವಳಿಕೆಯನ್ನು ಯುನೆಸ್ಕೊ 2014ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಪಿರ್ಗಿಯ ಹತ್ತಿರವೇ 2016ರಲ್ಲಿ ಒಂದು ಮಸ್ತಿಹಾ ಮ್ಯೂಸಿಯಂ ತೆರೆದಿದ್ದಾರೆ. ಬಿಡದೆ ನೋಡಿ.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳಲಾ? ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಯುನಾನಿ ಔಷಧಿ ತರುವ ರೂಢಿ ಇದ್ದರೆ ರೂಮಿ ಮಸ್ತಗಿ ಅನ್ನುವ ಹೆಸರು ಕೇಳಿರುತ್ತೀರಿ. ಹೊಟ್ಟೆಯ ತೊಂದರೆಗೆ ಕೊಡುತ್ತಾರೆ. ಅದೇ ಈ ಮಸ್ತಿಹಾ. ರೂಮ್ ಅಂದರೆ ಬೈಜಾಂಟೈನ್, ಅಂದರೆ ಗ್ರೀಕ್ ಮಾತಾಡುತ್ತಿದ್ದ ಪೂರ್ವ ರೋಮನ್ ಸಾಮ್ರಾಜ್ಯದ ಸೀಮೆ. ಯುನಾನಿ ಅನ್ನುವ ಮಾತೂ, ನಮ್ಮ ಹಳೆಯ ಬರಹಗಳಲ್ಲಿ ಬರುವ ಯವನ ಅನ್ನುವ ಮಾತೂ ಅಯೋನಿಯಾ ಅನ್ನುವ ಹೆಸರಿನಿಂದ ಬಂದವು. ಈಗಿನ ಟರ್ಕಿಯ ಪಶ್ಚಿಮ ದಡದ ಹಳೆಯ ಗ್ರೀಕ್ ಸೀಮೆ ಅದು. ಹಿಯೋಸ್ ಆ ಅಯೋನಿಯಾದ ಹನ್ನೆರಡು ನಗರಗಳಲ್ಲಿ ಒಂದು. ಅಂದರೆ ನಾವು ಇಡೀ ಗ್ರೀಸಿಗೆ ಇಟ್ಟ ಹೆಸರಿನಲ್ಲಿ ಈ ದ್ವೀಪದ ಪಾಲೂ ಇದೆ.

ಊರಿಗೆ ವಾಪಸ್ ಬರೋಣ. ಚೌಕದ ಪಕ್ಕದಲ್ಲಿ ಒಂದು ಕಮಾನಿನ ಕೆಳಗೆ ಹಾದು ಹೋದರೆ ಪವಿತ್ರ ಅಪೊಸ್ತಲರ, ಅಂದರೆ ಯೇಸುವಿನ ಮೊದಲ ಶಿಷ್ಯರ, ಹೆಸರಿನ ಪುಟ್ಟ ಚರ್ಚ್ ಸಿಗುತ್ತದೆ. ಬೈಜಾಂಟೈನ್ ಕಾಲದ್ದು. ಹೊರಗೆ ಇಟ್ಟಿಗೆಯ ಕೆಲಸ, ಒಳಗೆ 1665ರ ಭಿತ್ತಿಚಿತ್ರಗಳು. ಕ್ಸಿಸ್ತಾ ನೋಡಿ ನೋಡಿ ಕಪ್ಪು ಬಿಳಿಗೆ ಒಗ್ಗಿದ ಕಣ್ಣಿಗೆ ಒಳಗಿನ ಬಣ್ಣ ಒಮ್ಮೆಲೇ ಹತ್ತುವುದಿಲ್ಲ. ಎರಡು ನಿಮಿಷ ಸುಮ್ನೆ ಕೂತರೆ ಕತ್ತಲೆಯಿಂದ ಒಂದೊಂದೇ ಮುಖ ಮೂಡುತ್ತದೆ.

ಹೋಗುವುದಾದರೆ ಸೆಪ್ಟೆಂಬರ್ ಕೊನೆಗೆ ಹೋಗಿ. ಬೇಸಿಗೆಯ ಜನಸಂದಣಿ ಇಳಿದಿರುತ್ತದೆ. ಆಗ ಬಾಲ್ಕನಿಗಳಿಂದ ಟೊಮೆಟೊ ಗೊಂಚಲು ಇಳಿಬಿಟ್ಟಿರುತ್ತಾರೆ. ನಿಂಬೆಗಿಂತ ಸಣ್ಣ ಟೊಮೆಟೊ, ದಾರಕ್ಕೆ ಪೋಣಿಸಿ, ಚಳಿಗಾಲಕ್ಕೆ ಅಂತ. ಕಪ್ಪು ಬಿಳಿ ಗೋಡೆಯ ಮೇಲೆ ಆ ಕೆಂಪು ಹೇಗೆ ಕಾಣುತ್ತದೆ ಅನ್ನುವುದನ್ನು ನಾನು ಹೇಳಿ ಪೂರೈಸಲಾರೆ. ಮಸ್ತಿಹಾ ಹೊಲದಿಂದ ಮನೆಗೆ ಬಂದಿರುವ ಕಾಲವೂ ಅದೇ. ಬಾಗಿಲ ಮುಂದೆ ತಟ್ಟೆ ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ. ಸಣ್ಣ ಚಾಕುವಿನ ತುದಿಯಿಂದ ಹರಳಿಗೆ ಅಂಟಿದ ಮಣ್ಣು, ತೊಗಟೆ ಬಿಡಿಸುತ್ತಾರೆ. ಒಂದೊಂದೇ ಹರಳು. ಅಕ್ಕಿ ಆರಿಸುವಾಗ ನಮ್ಮ ಅಜ್ಜಿಯರು ಹೇಗೆ ತಲೆ ಎತ್ತದೆ ಮಾತಾಡುತ್ತಿದ್ದರೋ ಹಾಗೇ ಮಾತು. 2012ರ ಆಗಸ್ಟ್‌ನಲ್ಲಿ ಕಾಡ್ಗಿಚ್ಚು ಬಂದು ಆ ಸೀಮೆಯ ಎಷ್ಟೋ ಗಿಡ ಸುಟ್ಟುಹೋದವು. ಹೊಸ ಗಿಡ ನೆಟ್ಟರೆ ಅಂಟು ಕೊಡಲು ಐದಾರು ವರ್ಷ ಕಾಯಬೇಕು. ಅಲ್ಲಿ ಕೂತಿದ್ದ ಒಬ್ಬ ಅಜ್ಜಿ ಅದನ್ನು ಹೇಳುವಾಗ ಮಾತ್ರ ಚಾಕು ಕೆಳಗಿಟ್ಟರು.

ಮೇಸ್ತ್ರಿಯ ಕೆಲಸ ಮುಗಿದ ಮೇಲೆ ಸಾರುವೆಯ ಕೆಳಗೆ ಬಿದ್ದಿದ್ದ ಪುಡಿಯನ್ನು ಒಂದು ಹಿಡಿ ಕೇಳಿ ತಂದೆ. ಕಪ್ಪು ಮರಳು, ಬಿಳಿ ಸುಣ್ಣ ಬೆರೆತದ್ದು. ಈ ಮೇಜಿನ ಮೇಲಿನ ಕಾಗದದ ಪೊಟ್ಟಣದಲ್ಲಿದೆ, ಹೊರಡುವ ಮುಂಚೆ ಬಂದು ಬೆರಳಲ್ಲಿ ಮುಟ್ಟಿ ನೋಡಿ. ಪಕ್ಕದ ಡಬ್ಬಿಯಲ್ಲಿ ಆ ಅಜ್ಜಿ ಕೊಟ್ಟ ಮಸ್ತಿಹಾ ಇದೆ. ಒಬ್ಬೊಬ್ಬರು ಒಂದೊಂದು ಹರಳು ಬಾಯಿಗೆ ಹಾಕಿಕೊಳ್ಳಿ. ಮೊದಲು ಹಲ್ಲಿಗೆ ಪುಡಿಪುಡಿಯಾಗುತ್ತದೆ, ಸ್ವಲ್ಪ ಕಹಿ ಅನ್ನಿಸುತ್ತದೆ. ಉಗಿಯಬೇಡಿ, ಅಗಿಯುತ್ತಾ ಇರಿ. ಒಂದು ನಿಮಿಷಕ್ಕೆ ಮೆತ್ತಗಾಗಿ ಬೆಳ್ಳಗಾಗುತ್ತದೆ. ಆಮೇಲೆ ದೇವದಾರು ಮರದ ಹಾಗೆ ಒಂದು ವಾಸನೆ ಬರುತ್ತದೆ. ಆ ಓಣಿಗಳ ತುಂಬ ಇದ್ದದ್ದು ಅದೇ ವಾಸನೆ, ಅದರ ಜೊತೆಗೆ ಹಸಿ ಸುಣ್ಣದ್ದು.